ಬಡತನದ ಅಳತೆ: ಒಂದು ವಿಮರ್ಶೆ

ಅಬಿಡ್ಸ್‌ನ ಅಂಗಡಿಸಾಲುಗಳ ವೈಭವದಿಂದ ನಿಜಾಮ ಸಂಸ್ಥಾನದ ಸ್ಥಿತಿಯನ್ನು ನಿರ್ಣಯಿಸಲಾಗದು. 1937ರಲ್ಲಿ ‘ಟೈಮ್’ ಪತ್ರಿಕೆಯು ಮೀರ್ ಉಸ್ಮಾನ್ ಅಲಿ ಖಾನರನ್ನು ಜಗತ್ತಿನ ಅತ್ಯಂತ ಶ್ರೀಮಂತರೆಂದು ಸಾರಿತು. ಅವರ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನಾದರೋ ಎಸ್. ಕೇಶವ ಅಯ್ಯಂಗಾರರು 1929-30ರಲ್ಲಿ ಪರಿಶೀಲಿಸಿದ್ದರು. 1949-51ರಲ್ಲಿ ಮತ್ತೆ ಪರಿಶೀಲಿಸಿದರು. ಆ ಹೋಲಿಕೆಯನ್ನು ಇಂದಿನವರೆಗೆ ಮುಂದುವರಿಸಲು ಎರಡು ತೊಡಕುಗಳುಂಟು. 1956ರಲ್ಲಿ ಹೈದರಾಬಾದ್ ರಾಜ್ಯವು ಆಂಧ್ರ, ಮೈಸೂರು, ಮುಂಬಯಿಗಳಿಗೆ ಹಂಚಿಹೋಗಿ, ಅಳೆಯುವ ನೆಲವೇ ಬದಲಾಯಿತು. ಬಡತನದ ರೇಖೆಯೂ ಸ್ಥಿರವಲ್ಲ: 2004-05ರಲ್ಲಿ ಭಾರತದ ಬಡವರು ಶೇಕಡಾ 27.5 ಎಂದಿದ್ದುದು, 2009ರ ತೆಂಡೂಲ್ಕರ್ ಸಮಿತಿಯ ಎಣಿಕೆಯಲ್ಲಿ 37.2 ಆಯಿತು. ವರ್ಷವೂ ಅದೇ, ಜನರೂ ಅವರೇ. ಆದುದರಿಂದ, ಯಾವ ನೆಲ, ಯಾವ ರೇಖೆ ಎಂಬುದನ್ನು ಹೇಳದೆ ಬಡತನವು ಇಳಿಯಿತೆನ್ನುವ ಮಾತು ಪರೀಕ್ಷೆಗೆ ನಿಲ್ಲದು.