ಕೌದಿಯ ಅಂಚು: ಸಮವಲ್ಲದ ಗಡಿಯ ವಿವೇಕ

ಕನ್ನಡ ಜಾನಪದ ಅಧ್ಯಯನವು ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹಕ್ಕೆ ನೀಡಿದಷ್ಟು ಗಮನವನ್ನು ಜನಪದರ ಕೈಕೆಲಸಕ್ಕೆ ನೀಡಲಿಲ್ಲ. ಕೌದಿಯ ವಿಚಾರದಲ್ಲಿಯೂ ಹಳೆಯ ಬಟ್ಟೆಯ ಮರುಬಳಕೆಯನ್ನು, ನಡುವಿನ ತುಂಡುಗಳ ಬಣ್ಣದ ಹೊಂದಾಣಿಕೆಯನ್ನು ಮೆಚ್ಚುವಲ್ಲಿಗೆ ವಿವೇಚನೆ ಸಾಮಾನ್ಯವಾಗಿ ನಿಂತುಬಿಡುತ್ತದೆ. ಆದರೆ ಹೊಲಿಯುವವಳ ತೀರ್ಮಾನಶಕ್ತಿ ನಿಜವಾಗಿ ಒರೆಗೆ ಹತ್ತುವುದು ಕೌದಿಯ ಅಂಚಿನಲ್ಲಿ. ಅಂಕುಡೊಂಕಾಗಿ ಉಳಿದ ಗಡಿಯನ್ನು ಆಕೆ ಹೇಗೆ ಮುಗಿಸುತ್ತಾಳೆ ಎಂಬ ಪ್ರಶ್ನೆಯಲ್ಲಿ ಬಟ್ಟೆಯ ಗುಣ, ಬಡತನದ ಲೆಕ್ಕಾಚಾರ ಮತ್ತು ಸೌಂದರ್ಯಪ್ರಜ್ಞೆ ಮೂರೂ ಸೇರಿಕೊಂಡಿವೆ.

ಈ ಚರ್ಚೆಗೆ ದಾವಣಗೆರೆ ಮತ್ತು ಹರಿಹರ ತಕ್ಕ ನೆಲೆಗಳು. 1956ರ ಏಕೀಕರಣಕ್ಕೆ ಮೊದಲು ಹರಿಹರವು ಮೈಸೂರು ಸೀಮೆಯ ಗಡಿಯ ಊರು; ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1930ರ ದಶಕದಿಂದ ಬೆಳೆದ ಹತ್ತಿ ಗಿರಣಿಗಳು ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದುಕೊಟ್ಟವು. 1970ರ ದಶಕದಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ಕೃತಕ ನೂಲಿನ ಕಚ್ಚಾವಸ್ತುವನ್ನು ತಯಾರಿಸುವ ಕಾರ್ಖಾನೆ ನೆಲೆಗೊಂಡಿತು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಇದೇ ಕಾಲಾವಧಿಯಲ್ಲಿ ನಾಡಿನ ಸಾಮಾನ್ಯ ಮನೆಗಳ ಬಟ್ಟೆಯ ಗಂಟಿನಲ್ಲಿ ಹತ್ತಿಯ ಸೀರೆ, ಧೋತರಗಳ ಜಾಗಕ್ಕೆ ಪಾಲಿಯೆಸ್ಟರ್ ಬಂದಿತು. ಕೌದಿಯ ಅಂಚು ಬದಲಾದುದರ ಹಿಂದೆ ಈ ಬದಲಾವಣೆಯೂ ಇದೆ.

ಕೌದಿಗೆ ಬೇಕಾದ ತುಂಡುಗಳು ಒಂದೇ ಅಳತೆಯವಲ್ಲ. ಹಳೆಯ ಸೀರೆಯ ಅಸ್ತರಿನ ಮೇಲೆ ಅವನ್ನು ಹರಡಿ, ಸಾಲುಸಾಲಾಗಿ ಹೊಲಿಯುತ್ತ ಹೋದಾಗ ಹೊರಗಿನ ಗೆರೆ ಒಂದೆಡೆ ಚಾಚಿ, ಇನ್ನೊಂದೆಡೆ ಒಳಸರಿಯುವುದು ಸಹಜ. ಅದನ್ನು ಕತ್ತರಿಸಿ ನೇರಗೊಳಿಸಿದರೆ ಬಟ್ಟೆ ವ್ಯರ್ಥವಾಗುತ್ತದೆ. ಅಂಚಿಗೆ ಮುಕ್ಕೋನಗಳನ್ನು ಕೂಡಿಸುವ ಕ್ರಮ ಈ ತೊಡಕಿಗೆ ದೊರೆತ ಪರಿಹಾರ. ಚೌಕ ತುಂಡೊಂದನ್ನು ಮೂಲೆಯಿಂದ ಮೂಲೆಗೆ ಎರಡು ಬಾರಿ ಮಡಿಚಿ, ಬಿಚ್ಚಿದ ಬದಿಯನ್ನು ಮೇಲಿನ ಪದರಕ್ಕೂ ಅಸ್ತರಿಗೂ ನಡುವೆ ಸೇರಿಸಿ, ಮೊನೆಯನ್ನು ಹೊರಗೆ ಬಿಟ್ಟು ಹೊಲಿಯಲಾಗುತ್ತದೆ. ಒಂದು ಮುಕ್ಕೋನ ಇನ್ನೊಂದರ ಮಡಿಕೆಯೊಳಗೆ ಹೆಚ್ಚಾಗಿಯೋ ಕಡಿಮೆಯಾಗಿಯೋ ಜಾರಬಲ್ಲದು. ಅಳತೆಯ ವ್ಯತ್ಯಾಸವೆಲ್ಲ ಆ ಜಾರುವಿಕೆಯಲ್ಲಿ ಅಡಗಿಹೋಗುತ್ತದೆ. ಅಳತೆಪಟ್ಟಿ ಬೇಡುವ ಕೆಲಸವನ್ನು ಇಲ್ಲಿ ಕಣ್ಣಂದಾಜು ನಿರ್ವಹಿಸುತ್ತದೆ.

ಯಂತ್ರದ ಹೊಲಿಗೆಯಲ್ಲಿ ಅಂಚನ್ನು ಪಟ್ಟಿಯಿಂದ ಮುಚ್ಚುವುದು ವಾಡಿಕೆ. ನೇರ ಅಂಚಿಗೆ ಇದು ಸುಲಭ. ಡೊಂಕು ಅಂಚಿಗೆ ನೇರ ಎಳೆಯ ಪಟ್ಟಿ ಹಚ್ಚಿದರೆ ಅದು ಸುಕ್ಕುಗಟ್ಟುತ್ತದೆ. ಹೊರಮೂಲೆಯಲ್ಲಿ ಹೆಚ್ಚುವರಿ ಬಟ್ಟೆಯನ್ನು ಮಡಿಕೆಯಾಗಿ ಕೂರಿಸಬೇಕು, ಒಳಮೂಲೆಯಲ್ಲಿ ಅಂಚಿಗೆ ಸಣ್ಣ ಕತ್ತರಿ ಕೊಟ್ಟು ಬಿಡಿಸಬೇಕು. ಹಾಸುಹೊಕ್ಕುಗಳಿಗೆ ಓರೆಯಾಗಿ ಕತ್ತರಿಸಿದ ಪಟ್ಟಿ, ದರ್ಜಿಗಳು ಕ್ರಾಸ್ ಎನ್ನುವುದು, ಹಿಗ್ಗಿ ತಿರುವಿಗೆ ಒಗ್ಗುತ್ತದೆ; ಆದರೆ ಅದಕ್ಕೆ ಅಗಲವಾದ, ಜೀರ್ಣವಾಗದ ಬಟ್ಟೆ ಬೇಕು. ಆದ್ದರಿಂದ ಮೊದಲು ಅಂಚನ್ನೇ ಕತ್ತರಿಸಿ ನೇರಮಾಡುವುದು ದರ್ಜಿಗೆ ಲಾಭಕರ. ಪಾಲಿಯೆಸ್ಟರ್ ಕೂಡ ಇದೇ ದಿಕ್ಕಿಗೆ ನೂಕುತ್ತದೆ. ತೊಳೆದು ಮೆತ್ತಗಾದ ಹತ್ತಿಯು ಉಗುರಿನಿಂದ ಒತ್ತಿದ ಮಡಿಕೆಯನ್ನು ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಮಡಿಕೆ ಬಿಟ್ಟು ಮೇಲೇಳುತ್ತದೆ, ಕತ್ತರಿಸಿದಲ್ಲಿ ಎಳೆ ಬಿಡುತ್ತದೆ.

ಸಮವಲ್ಲದ ಅಂಚನ್ನು ಒರಟು ಕೆಲಸವೆನ್ನುವುದೂ, ಕೇವಲ ಅಲಂಕಾರವೆನ್ನುವುದೂ ಎರಡೂ ಅಪೂರ್ಣ ತೀರ್ಪುಗಳು. ಎಳೆದಾಟ, ಒಗೆತ, ಹಿಂಡುವಿಕೆಗಳ ಹೊಡೆತ ಮೊದಲು ಬೀಳುವುದು ಅಂಚಿಗೆ. ಹರಿದ ಮುಕ್ಕೋನವನ್ನು ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಪಟ್ಟಿ ಹರಿದಾಗಲಾದರೋ ಒಂದು ಬದಿಯನ್ನೇ ಬಿಚ್ಚಬೇಕಾದೀತು, ಇಲ್ಲವೇ ಮೇಲೊಂದು ತೇಪೆ ಹಾಕಬೇಕಾದೀತು. ದುರಸ್ತಿಯ ಸಾಧ್ಯತೆಯನ್ನು ಮುಂಚಿತವಾಗಿಯೇ ಒಳಗೊಂಡಿರುವುದು ಈ ಅಂಚಿನ ವಿವೇಕ.

ಹೋಲಿಕೆಗೆ ಉತ್ತರ ಕನ್ನಡದ ಸಿದ್ಧಿ ಸಮುದಾಯದ ಕವಂದಿಯನ್ನು ನೋಡಬಹುದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ಧಿ ಮಹಿಳೆಯರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ‘ಫೂಲ್’ ಎಂಬ ಮಡಿಚಿದ ಮುಕ್ಕೋನಗಳನ್ನು ಇಡದೆ ಕವಂದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಅಂಚು ಉಳಿದ ಬಟ್ಟೆಗೆ ಹಚ್ಚುವ ಬಾಲವಲ್ಲ, ರಚನೆಯ ತಳಹದಿ ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ. ಬಯಲುಸೀಮೆಯ ಕೌದಿಯ ವಿಮರ್ಶೆಯೂ ಈ ತಿಳಿವಳಿಕೆಯಿಂದ ಕಲಿಯಬೇಕಾಗಿದೆ.

ಹಾಗೆಂದು ಯಂತ್ರದ ಪಟ್ಟಿಯನ್ನು ಹೀಗಳೆಯುವುದು ನ್ಯಾಯವಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮನೆಗೆ ಬಂದ ಹೆಣ್ಣುಮಗಳಿಗೆ ನೂರಾರು ಮುಕ್ಕೋನಗಳನ್ನು ಮಡಿಚುವಷ್ಟು ಬಿಡುವಿಲ್ಲದಿದ್ದರೆ ಅದು ಪರಂಪರೆಗೆ ಆಕೆ ಬಗೆದ ದ್ರೋಹವೇನೂ ಅಲ್ಲ. ಪ್ರಶ್ನಿಸಬೇಕಾದುದು, ನೇರ ಅಂಚನ್ನಷ್ಟೇ ಅಚ್ಚುಕಟ್ಟೆಂದು ಎಣಿಸಿ ಬೆಲೆ ಕಟ್ಟುವ ಮಾರುಕಟ್ಟೆಯ ಅಭಿರುಚಿಯನ್ನು. ಉದ್ದ, ಅಗಲ, ಬಣ್ಣಗಳನ್ನಷ್ಟೇ ಬರೆದಿಟ್ಟುಕೊಳ್ಳುವ ದಾಖಲೀಕರಣವೂ ಆ ಅಭಿರುಚಿಗೆ ಅರಿವಿಲ್ಲದೆ ನೆರವಾಗುತ್ತದೆ. ಒಂದು ಕೌದಿಯನ್ನು ದಾಖಲಿಸುವಾಗ ಅದರ ಅಂಚಿನ ಮಡಿಕೆ ಯಾವ ಬಗೆಯದು, ಬಟ್ಟೆ ಹತ್ತಿಯೋ ಅಲ್ಲವೋ, ಎಷ್ಟು ಕಡೆ ಮರುಹೊಲಿಗೆ ಬಿದ್ದಿದೆ, ಯಾವ ಕೈ ಎಲ್ಲಿ ಬದಲಾಗಿದೆ ಎಂಬುದನ್ನೂ ಬರೆಯಬೇಕು. ಅತ್ತೆ ಹೊಲಿದ ಅಂಚಿಗೆ ಸೊಸೆ ಕೂಡಿಸಿದ ಮುಕ್ಕೋನವು ಆ ಮನೆಯ ಚರಿತ್ರೆಯ ಲಿಖಿತವಲ್ಲದ ದಾಖಲೆ. ಅಂಚನ್ನು ಓದಲಾರದ ಅಧ್ಯಯನಕ್ಕೆ ಆ ಚರಿತ್ರೆ ಕೈಗೆ ಸಿಗಲಾರದು.