ಹೊಲಿಗೆಯ ಮೇಲಿನ ಎಳೆತ ಎಷ್ಟು?
ಸ್ಪೈನಾ ಬೈಫಿಡಾದ ತೀವ್ರರೂಪದಲ್ಲಿ ಭ್ರೂಣದ ಬೆನ್ನುಹುರಿ ಹೊರಕ್ಕೆ ತೆರೆದುಕೊಂಡಿರುತ್ತದೆ. ಅದನ್ನು ಗರ್ಭದಲ್ಲೇ ಮುಚ್ಚುವುದನ್ನು ಅಮೆರಿಕದ ‘ಮಾಮ್ಸ್’ ಅಧ್ಯಯನ (2011) ಸಮರ್ಥಿಸಿತು. ಜನನಾನಂತರ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡ 82 ಶಿಶುಗಳಿಗೆ ವರ್ಷದೊಳಗೆ ಮಿದುಳಿನ ದ್ರವ ಹರಿಸುವ ನಳಿಕೆ ಬೇಕಾಯಿತು; ಗರ್ಭದಲ್ಲಾದವರಲ್ಲಿ ಶೇಕಡ 40ಕ್ಕೆ ಮಾತ್ರ.

ಚರ್ಮ ಹೇಗೆ ಕೂಡಿತೆಂಬುದನ್ನು ಈ ಅಂಕಿಗಳು ಹೇಳವು. ದ್ರವ ಸೋರುವುದು ನಿಂತರೆ ತಾನೆ ಕೆಳಜಾರಿದ ಹಿಮ್ಮಿದುಳು ಮೇಲೇರುವುದು! ಭ್ರೂಣದ ಚರ್ಮ ಬಲು ತೆಳು. ಬಿಗಿದ ದಾರ ಅದನ್ನು ಕೊಯ್ದುಬಿಡಬಲ್ಲದು. ಅಂಚುಗಳು ಸೇರದಿದ್ದರೆ ಪಕ್ಕಗಳಲ್ಲಿ ಸೀಳು ಕೊಡುತ್ತಾರೆ, ಇಲ್ಲವೇ ಜೀವಕೋಶರಹಿತ ಚರ್ಮದ ತೇಪೆ ಹಾಕುತ್ತಾರೆ. ಎರಡರಿಂದಲೂ ಎಳೆತ ತಗ್ಗುತ್ತದೆ. ಆದರೆ ಸೀಳು ಹೊಸ ಗಾಯ. ತೇಪೆಗೆ ಒಂದರ ಬದಲು ಎರಡು ಹೊಲಿಗೆಸಾಲು, ಸೋರಲು ಎರಡು ದಾರಿ. ಇವುಗಳನ್ನು ಹೋಲಿಸಲು ಶಸ್ತ್ರವೈದ್ಯರ ಕೈಯಂದಾಜು ಸಾಲದು; ಎಳೆತವನ್ನು ನ್ಯೂಟನ್‌ಗಳಲ್ಲಿ ಅಳೆದು ದಾಖಲಿಸಬೇಕು.