ಕ್ಯಾರವಾನಿಗೆ ನೆಂಟರ ಅಂಗಳ

ಕ್ಯಾರವಾನಿನ ನೀರಿನ ಟ್ಯಾಂಕ್ ತೊಳೆಯುವ ಬಗೆಯನ್ನು ಈ ವಾರ ಬರೆಯುತ್ತೇನೆ ಎಂದಿದ್ದೆ. ಆದರೆ ರಜೆ ಹತ್ತಿರ ಬಂತು. ಮಂಗಳೂರಿನಿಂದ ಕಾರವಾರದವರೆಗೆ ನೆಂಟರ ಮನೆಗಳನ್ನು ಸುತ್ತಿ ಬರಲು ವ್ಯಾನ್ ಬಾಡಿಗೆಗೆ ಹಿಡಿಯುವವರೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ: ರಾತ್ರಿ ಎಲ್ಲಿ ನಿಲ್ಲಿಸುವುದು? ಟ್ಯಾಂಕು ಕಾಯಲಿ.

ನನ್ನ ಉತ್ತರ ಹಳೆಯ ಓದುಗರಿಗೆ ಗೊತ್ತು. ನೆಂಟರ ಅಂಗಳದಲ್ಲೇ. ಕಡಲ ಮರಳಿಗೆ ಗಾಡಿ ಇಳಿಸಿ, ಅಲ್ಲೇ ಒಲೆ ಹಚ್ಚಿ, ತಮಗೆ ಯಾರ ಹಂಗೂ ಇಲ್ಲವೆಂದು ಫೋಟೊ ಹಾಕುವವರ ಜೊತೆ ನನ್ನ ಜಗಳ ಇಂದಿನದಲ್ಲ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು. ಇಳಿದು ಕಣ್ತುಂಬ ನೋಡಿ, ಚಹಾ ಕುಡಿದು ಮುಂದೆ ಹೊರಡಿ. ಉಪ್ಪುಗಾಳಿ ಗಾಡಿಯ ಅಡಿಭಾಗದ ಕಬ್ಬಿಣವನ್ನು ತಿನ್ನುತ್ತದೆ, ಅದನ್ನು ಸಿಹಿನೀರಲ್ಲಿ ತೊಳೆಯಬೇಕು. ಆ ನೀರು ಇರುವುದು ನೆಂಟರ ಬಾವಿಯಲ್ಲಿ.

ಯಾರ ಹಂಗೂ ಇಲ್ಲವೆನ್ನುವ ಈ ಪಂಥದವರು ಗುರುವೆಂದು ಹೇಳಿಕೊಳ್ಳುವ ಲೇಖಕ ಜಾನ್ ಸ್ಟೈನ್‌ಬೆಕ್‌ನನ್ನೇ ತೆಗೆದುಕೊಳ್ಳಿ. 1960ರಲ್ಲಿ ಟ್ರಕ್ಕಿನ ಮೇಲೆ ಪುಟ್ಟ ಮನೆ ಕಟ್ಟಿಸಿ, ಡಾನ್ ಕ್ವಿಕ್ಸೋಟನ ಕುದುರೆ ರೊಸಿನಾಂಟೆಯ ಹೆಸರಿಟ್ಟು, ಚಾರ್ಲಿ ಎಂಬ ನಾಯಿಯನ್ನು ಕೂರಿಸಿಕೊಂಡು ಅಮೆರಿಕ ಸುತ್ತಲು ಹೊರಟವನು ಆತ. ‘ಟ್ರಾವೆಲ್ಸ್ ವಿತ್ ಚಾರ್ಲಿ’ 1962ರಲ್ಲಿ ಬಂತು. ನಾನು ಮತ್ತೆ ಮತ್ತೆ ತೆರೆಯುವುದು ಅದರ ಕಾಡು, ಮರುಭೂಮಿಯ ಪುಟಗಳನ್ನಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯ ತವರು ಸೀಮೆಗೆ ಬಂದವನು ಸೋದರಿಯರ ಜೊತೆ ಚುನಾವಣೆಯ ವಿಷಯಕ್ಕೆ ಕಿತ್ತಾಡುತ್ತಾನಲ್ಲ, ಆ ಪುಟಗಳನ್ನು. ದೇಶ ನೋಡಲು ಹೊರಟವನು ಅಲ್ಲಿ ತನ್ನವರ ಎದುರು ಕೂತಿದ್ದಾನೆ. ಪುಸ್ತಕಕ್ಕೆ ಬಿಸಿ ಬರುವುದು ಅಲ್ಲಿಯೇ.

ನಮ್ಮ ಕರಾವಳಿಯಲ್ಲಂತೂ ಒಂದು ಹೊಳೆ ದಾಟಿದರೆ ಮಾತೇ ಬೇರೆ. ಉಡುಪಿಯ ಚಿಕ್ಕಮ್ಮನ ತುಳು ಕುಂದಾಪುರದ ದೊಡ್ಡಮ್ಮನ ಮನೆ ಹೊತ್ತಿಗೆ ಕುಂದಾಪ್ರ ಕನ್ನಡವಾಗಿರುತ್ತದೆ. “ಮನಿ ಇಪ್ಪತಿಗೆ ವ್ಯಾನಗ್ ಮನಿಕಂಬ್ದಾ?” ಎಂದು ದೊಡ್ಡಮ್ಮ ಗದರಿಯೇ ಗದರುತ್ತಾರೆ. ಸಮಾಧಾನ ಹೇಳಿ, ಊಟ ಅವರ ಜಗಲಿಯಲ್ಲೇ ಮಾಡಿ. ನೆಂಟರ ಅಂಗಳದಲ್ಲಿ ಗಾಡಿಯ ಒಲೆ ಹಚ್ಚುವುದು ಅವರಿಗೆ ಮಾಡುವ ಅವಮಾನ. ಮಲಗುವುದು ಮಾತ್ರ ಗಾಡಿಯಲ್ಲಿ. ಆರು ಜನಕ್ಕೆ ಹಾಸಿಗೆ ಹುಡುಕುವ ಕಷ್ಟ ಅವರಿಗೆ ತಪ್ಪುತ್ತದೆ, ಇನ್ನೊಂದು ದಿನ ಇರಿ ಎಂದು ಅವರೂ ಮನಸ್ಸು ಬಿಚ್ಚಿ ಹೇಳುತ್ತಾರೆ. ನನ್ನ ಪ್ರಕಾರ ಕ್ಯಾರವಾನಿನ ಸಾರ್ಥಕತೆ ಇಷ್ಟೇ.

ಉಳಿದದ್ದು ಶಿಸ್ತು. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ಒಂದು ಕಾಯಿ ಬಿದ್ದರೆ ಛಾವಣಿಯ ಸೋಲಾರ್ ಫಲಕ ಹೋಯಿತು. ಓಣಿಗೆ ನುಗ್ಗುವ ಮುನ್ನ ಒಬ್ಬರು ಇಳಿದು ಜೋತ ವಿದ್ಯುತ್ ತಂತಿಗಳನ್ನು ನೋಡಲಿ. ಹಳೆ ಮನೆಯ ಪ್ಲಗ್ಗಿಗೆ ತಂತಿ ಎಳೆದು ಏಸಿ ಓಡಿಸಬೇಡಿ. ಶೌಚದ ಡಬ್ಬಿಯ ರಾಸಾಯನಿಕವನ್ನು ಅವರ ಅಡಿಕೆ ತೋಟಕ್ಕೆ ಎಂದೂ ಸುರಿಯಬೇಡಿ. ಬೇಸಿಗೆಯಲ್ಲಿ ಕುಮಟಾ ದಾಟುವಾಗ ರಸ್ತೆ ಬದಿ ಗೊಂಚಲು ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ ಕಂಡರೆ ಹೋಗುವ ನೆಂಟರ ಮನೆಗೊಂದು ಗೊಂಚಲು ಕೊಳ್ಳಿ.

ಮಳೆಗಾಲದಲ್ಲಿ ಹೊರಟವರಿಗೆ ನನ್ನದೊಂದು ಬೇಡಿಕೆ: ಹೆದ್ದಾರಿಗಾಗಿ ಗುಡ್ಡ ಕಡಿದ ಜಾಗದಲ್ಲಿ ಅರೆಗಳಿಗೆಯೂ ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿದಾಗ ರಸ್ತೆ ಬದಿಯ ಚಹಾದಂಗಡಿಯೂ, ಅಲ್ಲಿ ನಿಂತಿದ್ದ ಲಾರಿಯೂ ಜನರ ಸಮೇತ ಗಂಗಾವಳಿಯ ಪಾಲಾದವು. ಕತ್ತಲಾದರೆ ಹತ್ತಿರದ ನೆಂಟರಿಗೆ ಫೋನ್ ಮಾಡಿ.